ಕಳೆದುಹೋಗದ ಐವತ್ತನಾಲ್ಕು

3 ಆಗಸ್ಟ್ 2009, ಸೋಮವಾರ

ಔಷಧ ಕಂಪನಿಯವರು ವರ್ಷದ ಮೊದಲಿಗೆ ಕೊಟ್ಟ ಡೈರಿ ಏಳು ತಿಂಗಳಿಂದ ಕಪಾಟಿನಲ್ಲಿ ಸುಮ್ಮನೆ ಬಿದ್ದಿತ್ತು. ಇವತ್ತು ತೆಗೆದೆ. ಮನೆಯಲ್ಲೂ ಹೇಳಲಾಗದ, ಆಸ್ಪತ್ರೆಯಲ್ಲೂ ಹೇಳಲಾಗದ ಮಾತುಗಳಿಗೆ ಒಂದು ಜಾಗ ಬೇಕಲ್ಲ.

ಆಸ್ಪತ್ರೆಯ ಸ್ಟೋರಿಗೆ ಇನ್ನು ನಾನೇ ಇನ್‌ಚಾರ್ಜ್. ಏಪ್ರಿಲ್‌ನಿಂದ ಕೆಲಸ ನಾನೇ ಮಾಡುತ್ತಿದ್ದೆ, ಕಾಗದ ಕೈಗೆ ಬಂದದ್ದು ಇವತ್ತು. ಮ್ಯಾನೇಜರ್ ಗುರುಪ್ರಸಾದ್ ಸರ್ ಕರೆದು ಕೊಟ್ಟರು. “ಏಳು ವರ್ಷ ಅವ್ರ ಕೈಕೆಳಗೆ ಕಲ್ತಿದ್ರಿ. ಅವ್ರ ಹಾಗೆ ಮಾತ್ರ ಮಾಡ್ಬೇಡಿ” ಎಂದರು.

ಅವರು ಎಂದರೆ ಶಾಮರಾಯರು. ಸಾಲಿಗ್ರಾಮದವರು, ಇಪ್ಪತ್ತೆರಡು ವರ್ಷ ಈ ಸ್ಟೋರ್ ನೋಡಿಕೊಂಡವರು. ಮಾರ್ಚ್ ಕೊನೆಯ ವರ್ಷದ ಎಣಿಕೆಯಲ್ಲಿ ಹಾವಿನ ವಿಷಕ್ಕೆ ಕೊಡುವ ಇಂಜೆಕ್ಷನ್ ಕಂಪ್ಯೂಟರಿನಲ್ಲಿ ಐವತ್ತೆಂಟು ಇತ್ತು, ಕಪಾಟಿನಲ್ಲಿ ನಾಲ್ಕು. ಐವತ್ತನಾಲ್ಕು ಬಾಟಲಿ ಇಲ್ಲ. “ನನ್ನ ಪುಸ್ತಕ ಸರಿ ಇದೆ” ಎಂದು ರಾಯರು ಒಂದು ಸಲ ಹೇಳಿದರು. ಎರಡನೆಯ ಸಲ ಹೇಳಲಿಲ್ಲ. ಬೀಗದ ಕೈ ಮೇಜಿನ ಮೇಲಿಟ್ಟು ಹೋದರು. ಹೊರಗೆ ಮಾರಿದ್ದಾರೆ ಎಂದು ಯಾರೋ ಅಂದರು, ಆಮೇಲೆ ಎಲ್ಲರೂ ಅಂದರು.

ನಾನು ಏನೂ ಅನ್ನಲಿಲ್ಲ. ಅನ್ನಲು ನನಗೇನು ಗೊತ್ತು? ವಯಸ್ಸಾದವರು, ಎಲ್ಲೋ ಕೈ ತಪ್ಪಿರಬಹುದು.

ದೇವರು ದೊಡ್ಡವನು. ಫೆಬ್ರವರಿಯಲ್ಲಿ ಬೋಟಿನ ಬಲೆ ಎಳೆಯುವ ವಿಂಚಿಗೆ ಸಿಕ್ಕಿ ನಮ್ಮ ಮನೆಯವರ ಬಲಗೈಯ ಮೂರು ಬೆರಳು ಮುರಿದಾಗಿನಿಂದ ಮನೆ ನಡೆದದ್ದು ನನ್ನ ಈ ಕೆಲಸದಿಂದಲೇ. ಈಗ ಕೆಲಸ ಗಟ್ಟಿಯಾಯಿತು. ಸಂತೋಷಪಡಬೇಕು. ಪಡುತ್ತಿದ್ದೇನೆ.

4 ಆಗಸ್ಟ್, ಮಂಗಳವಾರ

ಸಾಫ್ಟ್‌ವೇರಿನ ಹುಡುಗ ಅನೂಪ್ ಬ್ರಹ್ಮಾವರದಿಂದ ಬಂದಿದ್ದ. ಹುಡುಗ ಎಂದು ಬರೆದೆ, ಮದುವೆಯಾಗಿ ಮಗುವಿದೆ. ಫೆಬ್ರವರಿಯಲ್ಲಿ ಕಂಪ್ಯೂಟರ್ ಕೂರಿಸಿದವನೂ ಅವನೇ. ಇನ್ನು ಮುಂದೆ ಮಂಗಳವಾರ ಮಂಗಳವಾರ ಬರುತ್ತಾನಂತೆ, ಸೈಕಲ್ ಕೌಂಟ್ ಎಂಬುದನ್ನು ಶುರುಮಾಡಿಕೊಡಲು.

ಪಕ್ಕದಲ್ಲಿ ಗ್ಲೂಕೋಸ್ ಪೆಟ್ಟಿಗೆ ಇಳಿಸುತ್ತಿದ್ದ ನಮ್ಮ ಅಟೆಂಡರ್ ಚಂದಯ್ಯ ಕೈಬಿಟ್ಟು ನಿಂತ. “ಎಂತ ಮಾರ್ರೆ, ಸೈಕಲ್ ಎಣ್ಸುದಾ? ಇಲ್ಲ್ ಇಪ್ಪುದೇ ಎರಡ್ ಸೈಕಲ್. ಒಂದ್ ನಂದ್, ಒಂದ್ ವಾಚ್‌ಮನ್ದ್.”

ಅನೂಪ್ ನಕ್ಕು ನಕ್ಕು ಸಾಕಾದ. ಆಮೇಲೆ ವಿವರಿಸಿದ. ವರ್ಷಕ್ಕೊಮ್ಮೆ ಸ್ಟೋರ್ ಮುಚ್ಚಿ ಎರಡು ದಿನ ಎಲ್ಲವನ್ನೂ ಎಣಿಸುವ ಬದಲು, ದಿನವೂ ಕೆಲವೇ ವಸ್ತುಗಳನ್ನು ಎಣಿಸುವುದು. ಮುಖ್ಯವಾದದ್ದು ವಾರಕ್ಕೊಮ್ಮೆ, ಅದಕ್ಕಿಂತ ಕೆಳಗಿನದು ಮೂರು ತಿಂಗಳಿಗೊಮ್ಮೆ, ಹತ್ತಿ ಬ್ಯಾಂಡೇಜಿನಂಥದ್ದು ವರ್ಷಕ್ಕೆರಡು ಸಲ. ಸುತ್ತು ಮುಗಿದರೆ ಮತ್ತೆ ಮೊದಲಿಂದ. ಇವತ್ತು ಯಾವುದನ್ನು ಎಣಿಸಬೇಕು ಎಂದು ಕಂಪ್ಯೂಟರೇ ಚೀಟಿ ಕೊಡುತ್ತದೆ.

“ಅದ್ರಿಂದ ಎಂತ ಲಾಭ?” ಎಂದು ಕೇಳಿದೆ.

“ತಪ್ಪು ಇದ್ರೆ ಅದೇ ವಾರ ಸಿಗ್ತದೆ ವನಜಕ್ಕ. ಆ ವಾರ ಎಂತ ಮಾಡಿದ್ರಿ ಅಂತ ನಿಮ್ಗೆ ನೆನಪಿರ್ತದೆ. ವರ್ಷದ ಕೊನೆಗೆ ಸಿಕ್ಕಿದ್ರೆ ಯಾರಿಗೆ ನೆನಪು? ಆಗ ತಪ್ಪು ಹುಡುಕೂದಿಲ್ಲ, ಮನುಷ್ಯರನ್ನ ಹುಡುಕ್ತಾರೆ.”

ಈ ಮಾತು ನನಗೆ ಹಿಡಿಸಲಿಲ್ಲ. ಮೇಲಿನವರು ನಮ್ಮ ಮೇಲೆ ಕಣ್ಣಿಡಲು ಮಾಡಿದ ಉಪಾಯ ಇದು. ಶಾಮರಾಯರ ಗತಿ ನನಗೂ ಬರಲಿ ಎಂದೇ ಇರಬೇಕು.

11 ಆಗಸ್ಟ್, ಮಂಗಳವಾರ

ವಾರವಿಡೀ ಕಪಾಟುಗಳಿಗೆ ನಂಬರ್ ಅಂಟಿಸಿದೆವು. ಯಾವ ವಸ್ತು ಯಾವ ಕಪಾಟಿನ ಯಾವ ಹಲಗೆಯಲ್ಲಿದೆ ಎಂದು ಒಂದೊಂದನ್ನೂ ಕಂಪ್ಯೂಟರಿಗೆ ತುಂಬಿಸಬೇಕು. ನಾನೂರ ಹದಿನಾರು ವಸ್ತು. ಕಣ್ಣು ಉರಿ.

ಬಳಕೆ ಮತ್ತು ಬೆಲೆ ನೋಡಿ ಕಂಪ್ಯೂಟರ್ ತಾನೇ ಎ, ಬಿ, ಸಿ ಎಂದು ಮೂರು ಪಾಲು ಮಾಡಿತು. ಹಾವಿನ ಇಂಜೆಕ್ಷನ್ ಬಿ ಪಾಲಿಗೆ ಬಿತ್ತು, ಮೂರು ತಿಂಗಳಿಗೊಮ್ಮೆ ಎಣಿಸಿದರೆ ಸಾಕಂತೆ.

“ಇದನ್ನ ಎ ಮಾಡಿ” ಎಂದೆ.

“ಬಳಕೆ ಕಡಿಮೆ ಉಂಟಲ್ಲ ವನಜಕ್ಕ?”

“ಬಳಕೆ ಕಡ್ಮೆ ಇರ್ಲಿ. ಬೇಕಾಪು ದಿನ ಇಲ್ಲದಿರೆ ಆ ಮನ್ಷ ಉಳಿತ್ನಾ?”

ಅನೂಪ್ ಒಂದು ಕ್ಷಣ ನನ್ನ ಮುಖ ನೋಡಿದ. ಆಮೇಲೆ ಜೀವ ಉಳಿಸುವ ಹದಿನೆಂಟು ಔಷಧಗಳನ್ನು ಕೈಯಿಂದಲೇ ಎ ಪಾಲಿಗೆ ಹಾಕಿಕೊಟ್ಟ. ಇಷ್ಟು ಕೇಳಿಸಿಕೊಂಡನಲ್ಲ, ಅದೇ ದೊಡ್ಡದು. ನಿಜ ಹೇಳಬೇಕೆಂದರೆ ಆ ಹದಿನೆಂಟರ ಪಟ್ಟಿ ನನ್ನದಲ್ಲ. ಶಾಮರಾಯರು ಬಾಯಿಪಾಠ ಮಾಡಿಸಿದ್ದು. ಅನೂಪನಿಗೆ ಅದನ್ನು ಹೇಳಲಿಲ್ಲ.

19 ಆಗಸ್ಟ್, ಬುಧವಾರ

ಮೊದಲ ಎಣಿಕೆ. ಬೆಳಿಗ್ಗೆ ಏಳೂವರೆಯಿಂದ ಎಂಟೂವರೆಯವರೆಗೆ, ವಾರ್ಡಿಗೆ ಸಾಮಾನು ಕೊಡಲು ಶುರುಮಾಡುವ ಮೊದಲೇ. ಆ ಹೊತ್ತಿನಲ್ಲಿ ಏನೂ ಒಳಗೆ ಬರುವಂತಿಲ್ಲ, ಹೊರಗೆ ಹೋಗುವಂತಿಲ್ಲ.

ಚೀಟಿಯಲ್ಲಿ ವಸ್ತುವಿನ ಹೆಸರು ಮತ್ತು ಜಾಗ ಮಾತ್ರ ಇರುತ್ತದೆ. ಎಷ್ಟಿರಬೇಕು ಎಂಬುದಿಲ್ಲ. ನಾನು ಮೊದಲೇ ಪರದೆಯಲ್ಲಿ ನೋಡಿ ಒಂದು ಕಾಗದದಲ್ಲಿ ಗುರುತು ಮಾಡಿಕೊಂಡಿದ್ದೆ. ಸಿರಿಂಜ್ ಕಂಪ್ಯೂಟರಿನಲ್ಲಿ ಮುನ್ನೂರ ನಲವತ್ತು. ಎಣಿಸುತ್ತ ಹೋದರೆ ನನಗೂ ಮುನ್ನೂರ ನಲವತ್ತೇ ಬಂತು. ಚಂದಯ್ಯ ಎಣಿಸಿದರೆ ಮುನ್ನೂರ ಮೂವತ್ತಾರು. ಮತ್ತೆ ಎಣಿಸಿದೆ, ಮುನ್ನೂರ ಮೂವತ್ತಾರು.

ನನ್ನ ಕಣ್ಣು ಪರದೆಯಲ್ಲಿ ನೋಡಿದ್ದನ್ನು ನನ್ನ ಬಾಯಿ ಎಣಿಸಿತ್ತು. ಬೇಕಾದ ಸಂಖ್ಯೆ ಗೊತ್ತಿದ್ದರೆ ಅದೇ ಸಿಗುತ್ತದೆ ಎಂದು ಇವತ್ತು ತಿಳಿಯಿತು. ಕಾಗದ ಹರಿದು ಹಾಕಿದೆ.

ಚಂದಯ್ಯನಿಗೆ ಇಂಗ್ಲಿಷ್ ಓದಲು ಬಾರದು. ಅಕ್ಷರದ ಆಕಾರ ಹೊಂದಿಸಿ ಡಬ್ಬಿ ಹುಡುಕುತ್ತಾನೆ. ಎಣಿಸಲು ನಿಂತರೆ ಮಾತ್ರ ಯಾರು ಕರೆದರೂ ತಲೆ ಎತ್ತುವುದಿಲ್ಲ. ಇಷ್ಟು ವರ್ಷ ಅವನನ್ನು ಪೆಟ್ಟಿಗೆ ಹೊರಲು ಮಾತ್ರ ಕರೆದೆವು. ಇವತ್ತು ಅವನಿದ್ದದ್ದು ನನ್ನ ಪುಣ್ಯ.

27 ಆಗಸ್ಟ್, ಗುರುವಾರ

ಇವರು ಗಂಗೊಳ್ಳಿಯಿಂದ ಮತ್ತೆ ಬೋಟಿಗೆ ಹೋದರು. ಬೆರಳು ಪೂರ್ತಿ ಮಡಚುವುದಿಲ್ಲ, ಆದರೂ ಎಂಜಿನ್ ನೋಡಿಕೊಳ್ಳಲು ಸಾಕು ಎಂದು ಬೋಟಿನವರು ಕರೆದರು. ಅವರಿಗೆ ಒಳ್ಳೆಯದಾಗಲಿ.

ಸಂಜೆ ಕೋಟೇಶ್ವರದಲ್ಲಿ ಬಸ್ಸಿಳಿದು ಬೀಜಾಡಿಯ ಕಡೆಗೆ ತಿರುಗುವಾಗ ಎದುರು ಶಾಮರಾಯರು. ಕೈಯಲ್ಲಿ ಒಂದು ಚೀಲ, ಮೊದಲಿಗಿಂತ ಸಣಕಲಾಗಿದ್ದಾರೆ. ನಾನು ಕೊಡೆ ಬಿಡಿಸಿ ಮುಖಕ್ಕೆ ಅಡ್ಡ ಹಿಡಿದೆ. ಮಳೆ ಇರಲಿಲ್ಲ.

ಮಗಳು ಮೋಕ್ಷಿತಾಗೆ ಜ್ವರ ಎಂದು ಅವಸರದಲ್ಲಿದ್ದೆ. ಅದಕ್ಕೇ ಮಾತಾಡಲು ಆಗಲಿಲ್ಲ.

9 ಸೆಪ್ಟೆಂಬರ್, ಬುಧವಾರ



ಇವತ್ತಿನ ಚೀಟಿಯಲ್ಲಿ ಹಾವಿನ ಇಂಜೆಕ್ಷನ್ ಇತ್ತು. ಚಂದಯ್ಯ ಎಂಟು ಎಂದು ಬರೆದ. ಕಂಪ್ಯೂಟರಿಗೆ ಹಾಕಿದರೆ ಕೆಂಪು ಗೆರೆ ಬಂತು. ಅದರ ಲೆಕ್ಕ ಐವತ್ತಮೂರು. ನಲವತ್ತೈದು ಕಡಿಮೆ.

ನಾನು ಎಣಿಸಿದೆ. ಎಂಟು. ಫ್ರಿಜ್ಜಿನ ಹಿಂದೆ, ಮೇಜಿನ ಕೆಳಗೆ, ಹಳೆಯ ಪೆಟ್ಟಿಗೆಗಳಲ್ಲಿ, ಎಲ್ಲ ಕಡೆ ಹುಡುಕಿದೆ. ಎಂಟೇ.

“ವನಜಕ್ಕ, ನಾ ಮುಟ್ಲಿಲ್ಲೆ, ದೇವ್ರಾಣೆ” ಎಂದ ಚಂದಯ್ಯ. ನಾನು ಅವನನ್ನು ಕೇಳಿಯೇ ಇರಲಿಲ್ಲ. ಹತ್ತೊಂಬತ್ತು ವರ್ಷ ಇಲ್ಲಿ ದುಡಿದವನು ಕೇಳುವ ಮೊದಲೇ ಆಣೆ ಹಾಕುತ್ತಾನೆ. ಅಷ್ಟು ಹೆದರಿಕೆ ನಮ್ಮೆಲ್ಲರೊಳಗೆ ಮಾರ್ಚ್‌ನಿಂದ ಕೂತಿದೆ.

ಬಾಗಿಲು ಹಾಕಿ ಕಂಪ್ಯೂಟರಿನ ಮುಂದೆ ಕೂತೆ. ಐವತ್ತಮೂರನ್ನು ಎಂಟು ಎಂದು ತಿದ್ದಿಬಿಟ್ಟರೆ ಯಾರಿಗೂ ತಿಳಿಯದು ಎಂದು ಮನಸ್ಸು ಹೇಳಿತು. ತಿದ್ದಿದೆ. ಆದರೆ ಅದು ಉಳಿಸಿಕೊಳ್ಳಲಿಲ್ಲ. ‘ಕಾರಣ’ ಎಂಬ ಖಾಲಿ ಚೌಕ ತೋರಿಸಿ, ಇದನ್ನು ತುಂಬಿಸಿ ಎಂದಿತು. ಅನೂಪ್ ಹಾಗೆ ಮಾಡಿಟ್ಟಿದ್ದಾನೆ.

ಏನೆಂದು ತುಂಬಿಸಲಿ? ಹಾಗೇ ಬಿಟ್ಟು ಬಂದೆ.

10 ಸೆಪ್ಟೆಂಬರ್, ಗುರುವಾರ

ಅನೂಪನಿಗೆ ಫೋನ್ ಮಾಡಿದೆ. ಬೈಯಬಹುದು ಎಂದುಕೊಂಡಿದ್ದೆ. ಅವನು ಕೇಳಿದ್ದು ಒಂದೇ ಮಾತು. “ಹೋದ ಬುಧವಾರ ಸರಿ ಇತ್ತಲ್ಲ? ಹಾಗಾದ್ರೆ ಒಂದು ವಾರದ್ದು ಮಾತ್ರ ನೋಡಿ. ಬಂದದ್ದು, ಹೋದದ್ದು.”

ಒಂದು ವಾರದಲ್ಲಿ ಇದ್ದದ್ದೇ ಒಂದು ಸಾಲು. ಶನಿವಾರ ಉಡುಪಿಯ ಡೀಲರಿನಿಂದ ಐದು ಬಾಟಲಿ ಬಂದಿದೆ. ಬಿಲ್ಲಿನಲ್ಲಿ ಐದು. ಕಂಪ್ಯೂಟರಿನಲ್ಲಿ ಐವತ್ತು. ನಾನು ಐದು ಎಂದೇ ಒತ್ತಿದ್ದೆ. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಬಾಕ್ಸ್ ಎಂದಿತ್ತು, ನೋಡಲಿಲ್ಲ. ಈ ಕಂಪನಿಯ ಔಷಧಕ್ಕೆ ಒಂದು ಬಾಕ್ಸ್ ಎಂದರೆ ಹತ್ತು ಎಂದು ಕಂಪ್ಯೂಟರಿನಲ್ಲಿ ಬರೆದಿದೆ. ನಿಜದಲ್ಲಿ ಅದು ಬಿಡಿ ಬಿಡಿಯಾಗಿ ಬರುತ್ತದೆ. ನಾನು ಐದು ಅಂದರೆ ಅದು ಐವತ್ತು ಅಂದುಕೊಂಡಿತು.

ಎಷ್ಟು ಹಗುರವಾಯಿತೆಂದರೆ ಚಂದಯ್ಯನನ್ನು ಕರೆದು ತೋರಿಸಿದೆ. ಅವನು ಕೈಮುಗಿದ, ಕಂಪ್ಯೂಟರಿಗೆ!

ಆ ಹಗುರ ಅರ್ಧ ಗಂಟೆ ಇತ್ತು.

ಐದನ್ನು ಐವತ್ತು ಅಂದುಕೊಂಡರೆ ನಲವತ್ತೈದು ಹೆಚ್ಚು. ಹಾಗಾದರೆ ಆರನ್ನು ಅರವತ್ತು ಅಂದುಕೊಂಡರೆ?

ನಡುವಿನ ತಿಂಗಳುಗಳಲ್ಲಿ ಬಂದದ್ದು ಬೇರೆ ಕಂಪನಿಯದು. ಅದರ ಲೆಕ್ಕ ಸರಿ ಇತ್ತು. ಈ ಕಂಪನಿಯದು ಇದಕ್ಕೆ ಮೊದಲು ಬಂದದ್ದು ಒಂದೇ ಸಲ, ಫೆಬ್ರವರಿ ಹದಿನೆಂಟಕ್ಕೆ. ಶಾಮರಾಯರ ಪುಸ್ತಕದಲ್ಲಿ ಅವರ ದುಂಡು ಅಕ್ಷರದಲ್ಲಿ ಆರು. ಕಂಪ್ಯೂಟರಿನಲ್ಲಿ ಅರವತ್ತು. ತುಂಬಿಸಿದವರ ಹೆಸರು: ವನಜ.

ಫೆಬ್ರವರಿ ಹದಿನೇಳಕ್ಕೆ ಇವರ ಕೈ ಮುರಿದದ್ದು. ಹದಿನೆಂಟಕ್ಕೆ ನಾನು ರಜೆ ಹಾಕದೆ ಬಂದಿದ್ದೆ. ರಾಯರು ಮನೆಗೆ ಹೋಗು ಅಂದಿದ್ದರು, ನಾನೇ ಕೇಳಲಿಲ್ಲ.

ಐವತ್ತನಾಲ್ಕು ಬಾಟಲಿ ಎಲ್ಲಿಗೂ ಹೋಗಿರಲಿಲ್ಲ. ಬಂದೇ ಇರಲಿಲ್ಲ.

11 ಸೆಪ್ಟೆಂಬರ್, ಶುಕ್ರವಾರ

ಬೆಳಿಗ್ಗೆ ಮೊದಲು ಮಾಡಿದ ಕೆಲಸ, ಇಪ್ಪತ್ತು ಬಾಟಲಿಗೆ ಆರ್ಡರ್ ಕೊಟ್ಟದ್ದು. ಹದಿನೈದಕ್ಕಿಂತ ಇಳಿದರೆ ಕಂಪ್ಯೂಟರೇ ಎಚ್ಚರಿಸಬೇಕಿತ್ತು. ಐವತ್ತಮೂರು ಇದೆ ಎಂದು ನಂಬಿ ಅದು ಸುಮ್ಮನೆ ಕೂತಿತ್ತು. ಗದ್ದೆ ಕೊಯ್ಲಿನ ಕಾಲ ಬರುತ್ತಿದೆ.

ಅನೂಪ್ ಮಧ್ಯಾಹ್ನ ಓಡಿ ಬಂದ. “ಬಾಕ್ಸಿಗೆ ಹತ್ತು ಅಂತ ಹಾಕಿದ್ದು ನಮ್ಮವ್ರು, ವನಜಕ್ಕ. ನಿಮ್ಮ ತಪ್ಪಲ್ಲ. ನಾನೇ ಬರ್ದು ಕೊಡ್ತೇನೆ.” ಒಳ್ಳೆಯ ಹುಡುಗ. ಆದರೆ ಬಿಲ್ಲು ನನ್ನ ಕೈಯಲ್ಲಿತ್ತು, ಸಂಖ್ಯೆ ನನ್ನ ಕಣ್ಣ ಮುಂದಿತ್ತು.

ಗುರುಪ್ರಸಾದ್ ಸರ್ ಹತ್ತಿರ ಎಲ್ಲ ಕಾಗದ ಹಿಡಿದು ಹೋದೆ. ಅವರು ಓದಿದರು. ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು.

“ಸಾಫ್ಟ್‌ವೇರ್ ತಪ್ಪು ಅಂತ ಒಂದು ಗೆರೆ ಬರ್ದು ಮುಗಿಸುವ, ವನಜ. ಆರು ತಿಂಗ್ಳು ಆಯ್ತು. ಈಗ ಕೆದಕಿ ಎಂತ ಆಗ್ಬೇಕು? ನಿಮ್ಗೂ ಒಳ್ಳೇದಲ್ಲ.”

“ಕಾರಣ ಬರೆಯುವ ಚೌಕದಲ್ಲಿ ನಾನು ಬರ್ದಾಯ್ತ್ ಸರ್. ಬಾಕ್ಸ್, ಬಿಡಿ ನೋಡದೆ ತುಂಬಿಸಿದ್ದು, ಫೆಬ್ರವರಿಯದ್ದೂ ಹಾಗೇ, ತುಂಬಿಸಿದವರು ವನಜ, ಅಂತ. ಇನ್ನು ಅಳಿಸ್ಲಿಕ್ಕೆ ಬರೂದಿಲ್ಲ.”

“ನಿಮ್ಮ ಕೆಲ್ಸ ಹೋದ್ರೆ?”

ಕಾಗದಗಳನ್ನು ಜೋಡಿಸಿಕೊಂಡು ಎದ್ದು ಬಂದೆ.

ಮನೆಗೆ ಬಂದು ಇವರಿಗೆ ಹೇಳಿದೆ. ಬೋಟು ನಿನ್ನೆ ಬಂದಿದೆ, ಮನೆಯಲ್ಲಿದ್ದರು. ಎಲ್ಲ ಕೇಳಿ, “ಕೆಲ್ಸ ಹೋರೆ ಹೋಯ್ಲಿ. ನಂಗೀಗ ಕೈ ಇತ್ತಲೆ. ನೀ ಮೊದ್ಲ್ ರಾಯ್ರ ಹತ್ರ ಹೋಯ್ ಬಾ” ಎಂದರು. ಇಂಥ ಮಾತು ಇವರ ಬಾಯಲ್ಲಿ ಬರುತ್ತದೆ ಎಂದು ಹದಿನಾರು ವರ್ಷದಲ್ಲಿ ಗೊತ್ತಿರಲಿಲ್ಲ.

13 ಸೆಪ್ಟೆಂಬರ್, ಭಾನುವಾರ

ಸಾಲಿಗ್ರಾಮಕ್ಕೆ ಹೋಗಿದ್ದೆ. ಒಂದೊಂದೂ ಬರೆದಿಡುತ್ತೇನೆ, ಮರೆಯಬಾರದು.

ಶಾಮರಾಯರು ಹಿತ್ತಿಲಲ್ಲಿ ಹೀರೆ ಬಳ್ಳಿಯ ಚಪ್ಪರಕ್ಕೆ ಹಗ್ಗ ಕಟ್ಟುತ್ತಿದ್ದರು. ಅವರ ಹೆಂಡತಿ ವನಮಾಲಮ್ಮ ಬಾಗಿಲಲ್ಲಿ ನನ್ನನ್ನು ಕಂಡು, ಒಳಗೆ ಬಾ ಎನ್ನಲಿಲ್ಲ.

“ಈಗ ದಾರಿ ನೆನ್ಪಾಯ್ತಾ?” ಎಂದರು. “ಆರ್ ತಿಂಗ್ಳಾಯ್ತ್ ಇವ್ರ್ ದೇವಸ್ಥಾನದ ಬದಿಗೆ ಹೋಗ್ದೆ. ಅಲ್ಲ್ ಯಾರಾರೂ ಕೇಂತ್ರ್, ಕೆಲ್ಸ ಎಂತಕ್ಕೆ ಬಿಟ್ರಿ ಅಂದೇಳಿ. ಮೊದ್ಲೆಲ್ಲ ಪೂಜಿ ಸಾಮಾನ್ ಎಣ್ಸಿ ಇಡುಕೆ ಇವ್ರನ್ನೇ ಕರೀತಿದ್ರ್. ಈಗ ಯಾರೂ ಕರೂದಿಲ್ಲೆ.”

ನಾನು ಜಗಲಿಯ ಅಂಚಿನಲ್ಲಿ ನಿಂತೇ ಇದ್ದೆ. ರಾಯರು ಕೈ ತೊಳೆದು ಬಂದರು. “ಕೂಕೊ” ಎಂದರು. ಕೂತೆ. ಚೀಲದಿಂದ ಕಾಗದ ತೆಗೆದು ಕೊಟ್ಟೆ: ಫೆಬ್ರವರಿಯ ಬಿಲ್ಲು, ಅವರ ಪುಸ್ತಕದ ಹಾಳೆಯ ನಕಲು, ಕಂಪ್ಯೂಟರಿನ ಸಾಲು. ಕನ್ನಡಕ ಹಾಕಿ ಒಂದೊಂದನ್ನೇ ಓದಿದರು. ಬೆರಳು ಅರವತ್ತರ ಮೇಲೆ ನಿಂತಿತು.

“ಹತ್ತರಿಂದ ಗುಣ್ಸಿತ್ತಾ ಅದ್?”

“ಹೌದ್ ರಾಯ್ರೆ. ತುಂಬ್ಸಿದ್ದ್ ನಾನೇ. ನನ್ನ್ ಹೆಸ್ರ್ ಇತ್ತ್ ಕಾಣಿ, ಅಲ್ಲ್.”

“ಗೊತ್ತಿತ್ತ್.”

ನನಗೆ ಅರ್ಥವಾಗಲಿಲ್ಲ. ಅವರೇ ಹೇಳಿದರು. “ಪುಸ್ತಕ ಬರುದ್ ನಾನ್, ಕಂಪ್ಯೂಟ್ರಿಗೆ ಹಾಕುದ್ ನೀನ್. ಇಬ್ರೇ ಅಲ್ದಾ ನಾವ್ ಇದ್ದದ್ದ್? ನನ್ ಪುಸ್ತಕ ಸರಿ ಇತ್ತ್ ಅಂದ್ರೆ ತಪ್ಪ್ ಎಲ್ಲಾಯ್ತ್ ಅಂದೇಳಿ ನಂಗೆ ಗೊತ್ತಾಪುದಿಲ್ಯಾ? ಹೇಂಗಾಯ್ತ್ ಅಂದೇಳಿ ಮಾತ್ರ ಗೊತ್ತಿರ್ಲಿಲ್ಲೆ.”

“ಹಾಂಗಾರೆ ಅವತ್ತ್ ಹೇಳ್ಲಿಲ್ಲೆ ಎಂತಕ್ಕೆ?”

“ಹೇಳಿರೆ ನಿನ್ನ್ ತೆಗೀತಿದ್ರ್. ನಿನ್ನ್ ಗಂಡ ಜಿತೇಂದ್ರ ಕೈಗೆ ಪಟ್ಟಿ ಕಟ್ಕಂಡ್ ಮನೇಲಿ ಕೂತಿದ್ದ. ಮಗ್ಳ್ ಶಾಲಿಗೆ ಹೋತ್ತಾ ಇತ್ತ್. ನಂಗೆ ಅರವತ್ತಾಯ್ತಲೆ, ಇವತ್ತಲ್ದಿರೆ ನಾಳೆ ಬಿಡುದೇ ಅಂದ್ಕಂಡೆ.”

ಒಳಗಿನಿಂದ ಪಾತ್ರೆಯ ಸದ್ದು ನಿಂತಿತು. ವನಮಾಲಮ್ಮನಿಗೂ ಇದು ಗೊತ್ತಿರಲಿಲ್ಲ ಎಂದು ಕಾಣುತ್ತದೆ.

ನನಗೆ ಅಳು ಬಂತು. ರಾಯರು ತಡೆಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಮೊದಲ ಸಲ ಗಟ್ಟಿ ದನಿಯಲ್ಲಿ ಮಾತಾಡಿದರು.

“ಒಂದ್ ಹೇಳ್ತೆ, ಕೇಂಡ್ಕೊ. ತಪ್ಪ್ ಆದದ್ದಕ್ಕೆ ನಂಗೆ ಬೇಜಾರಿಲ್ಲೆ. ನಾನೂ ಬೇಕಾದಷ್ಟ್ ತಪ್ಪ್ ಮಾಡಿದ್ದೆ. ಆರ್ ತಿಂಗ್ಳಗೆ ಒಂದ್ ಸರ್ತಿ ಬಪ್ಪುಕೆ ಆಯ್ಲಿಲ್ಯಾ ನಿಂಗೆ? ಹೇಂಗಿದ್ರಿ ರಾಯ್ರೆ ಅಂದೇಳಿ ಕೇಂಬುಕಾಯ್ಲಿಲ್ಯಾ? ಕೋಟೇಶ್ವರದಗೆ ಕೊಡೆ ಅಡ್ಡ ಹಿಡ್ದ್ಯಲೆ, ವನಜ. ಅದ್ ನಂಗೆ ಸುಮಾರ್ ದಿನ ಉಂಬುಕೆ ಬಿಡ್ಲಿಲ್ಲೆ.”

“ನಾನೂ ನಂಬಿದ್ದೆ ರಾಯ್ರೆ. ಎಲ್ಲ್ರೂ ಹೇಳುದನ್ನ.”

ಇದನ್ನು ಹೇಳಬೇಕೆಂದು ಹೋಗಿರಲಿಲ್ಲ. ಬಂದುಬಿಟ್ಟಿತು. ಅವರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು, ಒರೆಸಿಯೇ ಒರೆಸಿದರು.

ಆಗ ವನಮಾಲಮ್ಮ ಎರಡು ಲೋಟ ಕಾಫಿ ತಂದಿಟ್ಟರು. ನನ್ನ ಮುಖ ನೋಡಲಿಲ್ಲ. ಆದರೆ ಹೊರಡುವಾಗ ಐದು ಹೀರೆಕಾಯಿ ಕಾಗದದಲ್ಲಿ ಸುತ್ತಿ ಕೊಟ್ಟು, “ಕೂಸಿಗೆ ಜ್ವರ ಬಿಟ್ಟಿತ್ತಾ?” ಎಂದು ಕೇಳಿದರು. ಮೋಕ್ಷಿತಾಗೆ ಜ್ವರ ಬಂದದ್ದು ಇವರಿಗೆ ಹೇಗೆ ಗೊತ್ತು? ರಾಯರು ಯಾರ ಹತ್ತಿರವೋ ನಮ್ಮ ಮನೆಯ ಸುದ್ದಿ ಕೇಳುತ್ತಲೇ ಇದ್ದರು.

ಬಸ್ಸಿನಲ್ಲಿ ಇಡೀ ದಾರಿ ಹೀರೆಕಾಯಿಯ ಪೊಟ್ಟಣ ಮಡಿಲಲ್ಲಿಟ್ಟುಕೊಂಡು ಕೂತಿದ್ದೆ.

16 ಸೆಪ್ಟೆಂಬರ್, ಬುಧವಾರ

ಸ್ಟಾಫ್ ನೋಟಿಸ್ ಬೋರ್ಡಿನಲ್ಲಿ ಕಾಗದ ಹಾಕಿದ್ದಾರೆ. ಕನ್ನಡದಲ್ಲಿ, ಗುರುಪ್ರಸಾದ್ ಸರ್ ಸಹಿ. ಮಾರ್ಚ್ ಎಣಿಕೆಯ ವ್ಯತ್ಯಾಸ ಕಂಪ್ಯೂಟರಿಗೆ ತುಂಬಿಸುವಾಗ ಆದ ತಪ್ಪು, ಶಾಮರಾಯರ ಪುಸ್ತಕ ಪೂರ್ತಿ ಸರಿಯಿತ್ತು, ಆಸ್ಪತ್ರೆ ಅವರ ಕ್ಷಮೆ ಕೇಳುತ್ತದೆ ಎಂದು. ಚಂದಯ್ಯ ಬೋರ್ಡಿನ ಎದುರು ನಿಂತು ಬಂದವರಿಗೆಲ್ಲ ಗಟ್ಟಿಯಾಗಿ ಓದಿ ಹೇಳಿದ. ನರ್ಸುಗಳಿಗೆ ಎರಡು ಸಲ.

ನನ್ನನ್ನು ಕರೆದು ಎಚ್ಚರಿಕೆಯ ಕಾಗದ ಕೊಟ್ಟರು. ಕೆಲಸ ಉಳಿದಿದೆ. “ನಿನ್ನೆ ನಾನು ಸಾಲಿಗ್ರಾಮಕ್ಕೆ ಹೋಗಿ ಬಂದೆ” ಎಂದರು ಸರ್. “ಅವತ್ತು ಬಿಲ್ ಫೈಲ್ ಇದೇ ಕಪಾಟಲ್ಲಿತ್ತು, ವನಜ. ನಾನೂ ತೆಗ್ದು ನೋಡ್ಲಿಲ್ಲ.”

ಎಚ್ಚರಿಕೆಯ ಕಾಗದಕ್ಕೆ ಸಹಿ ಮಾಡಿ ಕೊಟ್ಟೆ.

22 ಸೆಪ್ಟೆಂಬರ್, ಮಂಗಳವಾರ

ಅನೂಪ್ ನಾನೂರ ಹದಿನಾರಕ್ಕೂ ಬಾಕ್ಸ್, ಬಿಡಿ ಸರಿ ಮಾಡಿಸಿದ. ಹದಿಮೂರು ತಪ್ಪು ಸಿಕ್ಕಿತು. ಒಂದೊಂದು ತಪ್ಪು ಸಿಕ್ಕಾಗಲೂ ಚಂದಯ್ಯನಿಗೆ ಹಬ್ಬ. ನನಗೂ.

7 ಅಕ್ಟೋಬರ್, ಬುಧವಾರ

ಸ್ಟೋರ್ ನೋಡಿಕೊಳ್ಳುವವರೇ ಎಣಿಸಬಾರದು, ಹೊರಗಿನವರೊಬ್ಬರು ಬೇಕು ಎಂದು ಅನೂಪ್ ಹೇಳುತ್ತಲೇ ಇದ್ದ. ಫಾರ್ಮಸಿಯವರು ಸಮಯವಿಲ್ಲ ಎಂದರು. ನಾನು ಒಂದು ಹೆಸರು ಹೇಳಿದೆ. ಸರ್ ಸ್ವಲ್ಪ ಯೋಚಿಸಿ ಹೂಂ ಎಂದರು.

ಇನ್ನು ಬುಧವಾರ ಮತ್ತು ಶನಿವಾರ ಶಾಮರಾಯರು ಬರುತ್ತಾರೆ. ಪೂರ್ತಿ ಕೆಲಸಕ್ಕೆ ಕರೆದರೆ ಒಪ್ಪಲಿಲ್ಲ. “ಬೀಗದ ಕೈ ನಿನ್ನ ಹತ್ರವೇ ಇರ್ಲಿ” ಎಂದರು.

ಇವತ್ತು ಏಳೂವರೆಗೆ ಬಂದು ಚೀಟಿ ತಿರುಗಿಸಿ ಮುರುಗಿಸಿ ನೋಡಿದರು. “ಕಂಪ್ಯೂಟ್ರ್ ಎಷ್ಟ್ ಹೇಳ್ತ್ ಅಂದೇಳಿ ಇದ್ರಗೆ ಇಲ್ಯಾ?”

“ಇಲ್ಲೆ ರಾಯ್ರೆ. ಎಣ್ಸುವವ್ರಿಗೆ ಹೇಳುವಾಂಗಿಲ್ಲೆ.”

“ಒಳ್ಳೇದೇ ಆಯ್ತ್. ನಾ ಎಣ್ಸಿ ಮುಗಿಯೋ ತನ್ಕ ನಾನೂ ಅದ್ಕೆ ಹೇಳುದಿಲ್ಲೆ.”

ಹನ್ನೆರಡು ವಸ್ತು. ಹನ್ನೆರಡಕ್ಕೂ ಹಸಿರು ಗೆರೆ. ಹಸಿರು ಎಂದರೆ ಏನು ಎಂದು ಕೇಳಿದರು. ಸರಿ ಇದೆ ಎಂದು ಅರ್ಥ, ಎಂದೆ. ಪರದೆಯ ಹತ್ತಿರ ಬಾಗಿ ನೋಡಿದರು. ಮುಂದಿನ ಬುಧವಾರದೊಳಗೆ ಅವರಿಗೆ ಇದನ್ನೆಲ್ಲ ಕಲಿಸಬೇಕು. ನನಗೆ ಕಲಿಸಿದವರು.

23 ಅಕ್ಟೋಬರ್, ಶುಕ್ರವಾರ

ನಿನ್ನೆ ಬರೆಯಲು ಆಗಲಿಲ್ಲ.

ಮಧ್ಯಾಹ್ನ ಮೂರಕ್ಕೆ ಕೆರಾಡಿಯಿಂದ ಜೀಪಿನಲ್ಲಿ ಒಬ್ಬ ಹೆಂಗಸನ್ನು ತಂದರು. ರತ್ನ ಎಂದು ಹೆಸರು. ಗದ್ದೆ ಕೊಯ್ಯುವಾಗ ಪಾದಕ್ಕೆ ಮಂಡಲದ ಹಾವು ಕಚ್ಚಿದೆ. ಕಾಲು ಮೊಣಕಾಲಿನವರೆಗೆ ಊದಿತ್ತು, ಒಸಡಿನಿಂದ ರಕ್ತ ಬರುತ್ತಿತ್ತಂತೆ. ಡ್ಯೂಟಿ ಡಾಕ್ಟರ್ ಹತ್ತು ಬಾಟಲಿ ಒಟ್ಟಿಗೇ ಕೇಳಿದರು. ಟ್ರೇಯಲ್ಲಿಟ್ಟು ನಾನೇ ಓಡಿದೆ. ರಾತ್ರಿ ಪಾಳಿಯವರಿಗೆ ಬೇಕಾಗಬಹುದೆಂದು ಇನ್ನೂ ಎಂಟು ಬೇರೆ ಇಟ್ಟು ಬೀಗದ ಕೈಯನ್ನು ಸಿಸ್ಟರ್‌ಗೆ ಕೊಟ್ಟು ಬಂದೆ. ಬೆಳಿಗ್ಗೆ ಬಂದು ನೋಡಿದರೆ ಆ ಎಂಟೂ ಮುಗಿದಿದ್ದವು. ಒಟ್ಟು ಹದಿನೆಂಟು.

ಅವಳು ಇದ್ದಾಳೆ. ಮೂತ್ರ ಹೋಗುತ್ತಿದೆ, ರಕ್ತ ನಿಂತಿದೆ ಎಂದು ಸಿಸ್ಟರ್ ಹೇಳಿದರು.

ಗುರುಪ್ರಸಾದ್ ಸರ್ ಸ್ಟೋರಿಗೆ ಬಂದು ಕಪಾಟಿನ ಮುಂದೆ ನಿಂತರು. “ಆ ದಿನ ಎಣಿಸದೆ ಇದ್ದಿದ್ರೆ ಇವತ್ತು ಎಷ್ಟು ಇರ್ತಿತ್ತು?” ಎಂದು ಕೇಳಿದರು. ಎಂಟು, ಎಂದೆ.

ಇಪ್ಪತ್ತೈದಕ್ಕೆ ಆರ್ಡರ್ ಕೊಟ್ಟೆ. ಬಾಕ್ಸ್ ಅಲ್ಲ, ಬಿಡಿ. ಎರಡು ಸಲ ನೋಡಿದೆ.

31 ಅಕ್ಟೋಬರ್, ಶನಿವಾರ

ಇವತ್ತಿನ ಚೀಟಿಯಲ್ಲಿ ಡ್ರಿಪ್ ಸೆಟ್. ರಾಯರು ಎಣಿಸುತ್ತಿದ್ದರು, ನಾನು ಕಿಟಕಿಯ ಹತ್ತಿರ ಬಿಲ್ಲು ಜೋಡಿಸುತ್ತಿದ್ದೆ. ಕಿಟಕಿಗೆ ಯಾರೋ ಬಂದು, “ಹ್ವಾಯ್, ಇಲ್ಲ್ ಕೆರಾಡಿ ಬಸ್ ಎಲ್ಲ್ ನಿಲ್ತ್?” ಎಂದು ಕೇಳಿದರು.

ಅಕ್ಕತಂಗಿಯರಂತೆ ಕಾಣುವ ಇಬ್ಬರು. ಒಬ್ಬಳ ಪಾದಕ್ಕೆ ಬಿಳಿ ಬ್ಯಾಂಡೇಜ್. ಕೈಯಲ್ಲಿ ಡಿಸ್ಚಾರ್ಜ್ ಕಾಗದ. ಮೇಲೆ ರತ್ನ ಎಂದಿತ್ತು.

ಅವಳ ಮುಖವನ್ನು ನಾನು ನೋಡಿಯೇ ಇರಲಿಲ್ಲ. ಅವತ್ತು ಟ್ರೇ ಕೊಟ್ಟು ಬಾಗಿಲಿನಿಂದಲೇ ತಿರುಗಿದ್ದೆ. ನನ್ನ ವಯಸ್ಸಿನವಳು. ಮೂಗುತಿ ಇದೆ. ತುಟಿ ಇನ್ನೂ ಬಿಳಿಚಿದೆ.

“ಕಾಲ್ ಹೇಂಗಿತ್ತ್ ಈಗ?” ಎಂದೆ.

“ಅಡ್ಡಿಲ್ಲೆ ಅಕ್ಕ. ಡಾಕ್ಟ್ರ್ ಒಳ್ಳೆಯವ್ರ್” ಎಂದಳು. “ಮದ್ದ್ ಇಲ್ಲೇ ಇತ್ತಂಬ್ರ್. ಬೇರೆ ಕಡಿಗೆ ಹೋಯ್ಕಾಗಿದ್ರೆ ದಾರ್ಯಗೇ ನನ್ನ್ ಜೀವ ಹೋತಿತ್ತ್ ಅಂದೇಳಿ ಎಲ್ಲ್ರೂ ಹೇಳ್ತ್ರ್.”

“ಹೌದ್, ಇತ್ತ್” ಎಂದೆ.

ಬಸ್ಸಿಗೆ ದಾರಿ ಹೇಳಲು ಹೊರಟೆ. ಅಷ್ಟರಲ್ಲಿ ಶಾಮರಾಯರು ಕೈಯಲ್ಲಿದ್ದ ಕಟ್ಟು ಕೆಳಗಿಟ್ಟು ಎದ್ದು ಬಂದಿದ್ದರು. “ನಾ ತೋರ್ಸ್ತೆ, ಬನ್ನಿ. ಮೆಲ್ಲ ನಡೀನಿ” ಎಂದು ಅವರ ಚೀಲ ತಾವೇ ಹಿಡಿದುಕೊಂಡು ಹೋದರು. ಮೂವರೂ ಗೇಟು ದಾಟುವವರೆಗೆ ನೋಡುತ್ತಿದ್ದೆ. ಅವಳು ಕುಂಟುತ್ತ ಏನೋ ಹೇಳುತ್ತಿದ್ದಳು, ರಾಯರು ತಲೆ ಬಾಗಿಸಿ ಕೇಳುತ್ತಿದ್ದರು. ಆ ಹದಿನೆಂಟು ಬಾಟಲಿಯ ಸುದ್ದಿ ಅವಳಿಗೆ ಅವರು ಹೇಳಿರಲಾರರು.

ಇಪ್ಪತ್ತು ನಿಮಿಷ ಬಿಟ್ಟು ಬಂದರು. ಬಸ್ಸಿನಲ್ಲಿ ಕೂರಿಸಿ, ಡ್ರೈವರಿಗೆ ಹೇಳಿ ಬಂದರಂತೆ. ಕೂತು ಕನ್ನಡಕ ಹಾಕಿಕೊಂಡರು. ಎಣಿಸಿಟ್ಟ ಡ್ರಿಪ್ ಸೆಟ್ ಒಂದು ಕಡೆ, ಎಣಿಸದ್ದು ಒಂದು ಕಡೆ.

“ಎಷ್ಟಕ್ಕೆ ನಿಂತಿತ್ತ್ ರಾಯ್ರೆ?” ಎಂದೆ. “ಬರ್ಕಂಡಿದ್ರ್ಯಾ?”

“ಎಪ್ಪತ್ತರ ಹತ್ರ ಆಯಿತ್ತ್.” ಅವರು ಎರಡು ರಾಶಿಯನ್ನೂ ಕೈಯಿಂದ ಒಟ್ಟು ಮಾಡಿದರು. “ಹತ್ರ ಅಂದೇಳಿ ಲೆಕ್ಕ ಇಲ್ಯಲೆ. ಬಾ, ನೀನೂ ಕೂಕೊ.”

ಅವರ ಎದುರು ನೆಲದ ಮೇಲೆ ಕೂತೆ. ಕಂಪ್ಯೂಟರ್ ಎಷ್ಟು ಹೇಳುತ್ತದೆ ಎಂದು ಇಬ್ಬರಿಗೂ ಗೊತ್ತಿರಲಿಲ್ಲ. ಅವರು ಒಂದೊಂದೇ ಎತ್ತಿ ಕೊಟ್ಟರು, ನಾನು ಒಂದೊಂದೇ ತೆಗೆದುಕೊಂಡು ಈಚೆ ಇಟ್ಟೆ. ಒಂದು, ಎರಡು, ಮೂರು.